ಕಳ್ಳನ ಕೈಗೆ ಬೆಕ್ಕಿನ ಉಗುರು

ಮನೆಗೆ ಕಳ್ಳ ಬಾರದಂತೆ ಏನು ಮಾಡಬೇಕು ಎಂದು ಇಂದು ಯಾರನ್ನು ಕೇಳಿದರೂ ಉತ್ತರ ಒಂದೇ, ಸಿಸಿ ಕ್ಯಾಮೆರಾ ಹಾಕಿಸಿ. ನನ್ನ ಹೊಟ್ಟೆಪಾಡು ನಡೆಯುತ್ತಿರುವುದೂ ಅದರಿಂದಲೇ. ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ದಾವಣಗೆರೆಯಲ್ಲಿ ಮನೆ, ಅಂಗಡಿಗಳಿಗೆ ಕ್ಯಾಮೆರಾ, ಅಲಾರಂ ಕೂರಿಸುವ ಕೆಲಸ ಮಾಡುತ್ತಿದ್ದೇನೆ. ಕರೆಂಟೇ ಮನೆಗಳಿಗೆ ಬಾರದ ಕಾಲದಲ್ಲಿ ಈ ಕೆಲಸವನ್ನು ಯಾರಾದರೂ ಮಾಡಿದ್ದರೇ ಎಂಬ ಕುತೂಹಲದಿಂದ ಓದುತ್ತಾ ಹೋದಾಗ ನನಗೆ ಸಿಕ್ಕವನು ಪೊಲೀಸನಲ್ಲ, ಎಂಜಿನಿಯರೂ ಅಲ್ಲ. ಆತ ಒಬ್ಬ ಜಾದೂಗಾರ. ಹೆಸರು ರಾಬರ್ಟ್ ಹೂಡಿನ್. ಫ್ರೆಂಚರು ಅದನ್ನು ರೊಬೇರ್ ಊದ್ಯಾಂ ಎನ್ನುತ್ತಾರೆ. ಬೀಗ, ಸರಪಳಿಗಳಿಂದ ತಪ್ಪಿಸಿಕೊಳ್ಳುತ್ತಿದ್ದ ಹೂಡಿನಿಯ ಹೆಸರನ್ನು ನಮ್ಮಲ್ಲಿ ಬಹಳ ಜನ ಕೇಳಿದ್ದಾರೆ. ಆ ಹೂಡಿನಿ ತನ್ನ ಹೆಸರನ್ನು ಎರವಲು ಪಡೆದದ್ದು ಈ ಹೂಡಿನ್‌ನಿಂದ.

ಇವನ ಬದುಕಿನಲ್ಲಿ ಮನೆಗಳ್ಳನೊಬ್ಬನನ್ನು ಬುದ್ಧಿಯಿಂದ ಹಿಡಿದ ಪ್ರಸಂಗವೊಂದಿದೆ. ಅದನ್ನು ಓದಿದ ಮೇಲೆ ನನ್ನ ಕೆಲಸವನ್ನು ನಾನು ನೋಡುವ ರೀತಿಯೇ ಬದಲಾಯಿತು. ಅದಕ್ಕಾಗಿಯೇ ಈ ಬರಹ.

ಝಾನ್ ಯೂಜೀನ್ ರಾಬರ್ಟ್ ಹುಟ್ಟಿದ್ದು 1805ರ ಡಿಸೆಂಬರ್‌ನಲ್ಲಿ, ಫ್ರಾನ್ಸಿನ ಲ್ವಾರ್ ನದಿಯ ದಂಡೆಯ ಬ್ಲ್ವಾ ಎಂಬ ಊರಿನಲ್ಲಿ. ಅಪ್ಪ ಗಡಿಯಾರ ಮಾಡುವವನು. ಹಲ್ಲಿನ ಚಕ್ರ, ಸ್ಪ್ರಿಂಗು, ಅರಗಳ ನಡುವೆಯೇ ಹುಡುಗ ಬೆಳೆದ. ಆದರೆ ಅಪ್ಪನಿಗೆ ಮಗ ತನ್ನ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಚಕ್ರ ತಿಕ್ಕುತ್ತಾ ಕೂರುವುದು ಬೇಡವಾಗಿತ್ತು. ವಕೀಲಿಕೆಯ ದಾರಿ ಹಿಡಿಯಲಿ ಎಂದು 11ನೇ ವಯಸ್ಸಿಗೆ ಓರ್ಲಿಯಾನ್ ನಗರದ ಶಾಲೆಗೆ ಸೇರಿಸಿದ. ಓದು ಮುಗಿಸಿ ಬಂದ ಮಗನನ್ನು ದಸ್ತಾವೇಜು ಬರೆಯುವ ನೋಟರಿಯೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿ ಕೂರಿಸಿದ. ಹುಡುಗನ ಅಕ್ಷರವೇನೋ ಚೆನ್ನಾಗಿತ್ತು, ಮನಸ್ಸು ಮಾತ್ರ ಕಾಗದಪತ್ರಗಳ ಮೇಲೆ ನಿಲ್ಲುತ್ತಿರಲಿಲ್ಲ. ಅಲ್ಲಿ ಹಕ್ಕಿಗಳನ್ನು ಸಾಕಿದ ದೊಡ್ಡ ಪಂಜರವೊಂದಿತ್ತು. ಆತ ಆ ಪಂಜರಕ್ಕೆ ಸಣ್ಣ ಸಣ್ಣ ಯಂತ್ರಗಳನ್ನು ಮಾಡಿ ಜೋಡಿಸುತ್ತಾ ಹೊತ್ತು ಕಳೆಯುತ್ತಿದ್ದ. ಈ ಹುಡುಗ ಕಾನೂನಿಗೆ ಆಗುವವನಲ್ಲ, ಅವನ ಇಷ್ಟದ ಕೆಲಸಕ್ಕೇ ಬಿಡಿ ಎಂದು ಕೊನೆಗೆ ಆ ನೋಟರಿಯೇ ಅಪ್ಪನಿಗೆ ಹೇಳಬೇಕಾಯಿತು. ಮಕ್ಕಳ ಕೋರ್ಸ್ ಆರಿಸುವ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇಂದಿಗೂ ಇಂತಹ ಒಬ್ಬ ನೋಟರಿಯ ಅಗತ್ಯವಿದೆ ಎಂದು ನನಗೆ ಅನ್ನಿಸುತ್ತದೆ.

ಅಷ್ಟರಲ್ಲಿ ಅಪ್ಪ ಅಂಗಡಿ ಬಿಟ್ಟಿದ್ದರಿಂದ ಆತ ಸಂಬಂಧಿಯೊಬ್ಬನ ಬಳಿ ಗಡಿಯಾರದ ಕೆಲಸ ಕಲಿಯತೊಡಗಿದ. ಆಗ ನಡೆದ ಒಂದು ಸಣ್ಣ ಅದಲುಬದಲು ಅವನ ಬದುಕಿನ ದಿಕ್ಕನ್ನೇ ತಿರುಗಿಸಿತು. ಗಡಿಯಾರ ಶಾಸ್ತ್ರದ ಪುಸ್ತಕ ಬೇಕೆಂದು ಪುಸ್ತಕದಂಗಡಿಗೆ ಹೋದ. ಅಂಗಡಿಯವನು ಗಡಿಬಿಡಿಯಲ್ಲಿ ಬೇರೆ ಎರಡು ಸಂಪುಟಗಳನ್ನು ಕಟ್ಟಿಕೊಟ್ಟ. ಮನೆಗೆ ಬಂದು ಬಿಚ್ಚಿ ನೋಡಿದರೆ ಅವು ವಿಜ್ಞಾನದ ವಿನೋದಗಳನ್ನೂ ಕೈಚಳಕದ ಆಟಗಳನ್ನೂ ಹೇಳಿಕೊಡುವ ಪುಸ್ತಕಗಳು. ಹಿಂದಿರುಗಿಸುವ ಬದಲು ರಾತ್ರಿಯೆಲ್ಲ ಕೂತು ಓದಿದ. ಅಲ್ಲಿಂದಾಚೆಗೆ ಹಗಲು ಚಕ್ರಗಳ ಕೆಲಸ, ಬಿಡುವಿನಲ್ಲಿ ನಾಣ್ಯ, ಚೆಂಡು, ಎಲೆಗಳ ಅಭ್ಯಾಸ.

1830ರಲ್ಲಿ ಪ್ಯಾರಿಸ್ಸಿನ ಗಡಿಯಾರ ತಯಾರಕ ಹೂಡಿನ್ ಎಂಬಾತನ ಮಗಳು ಸೆಸಿಲ್‌ಳನ್ನು ಮದುವೆಯಾದ. ಮಾವನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ರಾಬರ್ಟ್ ಹೂಡಿನ್ ಆದ. ಪ್ಯಾರಿಸ್ಸಿನಲ್ಲಿ ಮಾವನ ಬಳಿ ಕೆಲಸ ಮಾಡುತ್ತಾ ತನ್ನಷ್ಟಕ್ಕೆ ತಾನೇ ಚಲಿಸುವ ಬೊಂಬೆಗಳನ್ನು ತಯಾರಿಸತೊಡಗಿದ. ಆದರೆ ಸಂಸಾರ ದೊಡ್ಡದು, ವರಮಾನ ಚಿಕ್ಕದು. ಎಂಟು ಮಕ್ಕಳಲ್ಲಿ ಉಳಿದವರು ಮೂವರು. 1843ರಲ್ಲಿ ಸೆಸಿಲ್ ಕೂಡ ತೀರಿಕೊಂಡಳು. ಮರುವರ್ಷ ಪ್ಯಾರಿಸ್ಸಿನಲ್ಲಿ ನಡೆದ ಕೈಗಾರಿಕಾ ಪ್ರದರ್ಶನದಲ್ಲಿ ಅವನ ಬರೆಯುವ, ಚಿತ್ರ ಬಿಡಿಸುವ ಬೊಂಬೆಗೆ ಬೆಳ್ಳಿ ಪದಕ ಬಂತು. ಅಮೆರಿಕದ ಪ್ರದರ್ಶನಕಾರ ಬಾರ್ನಮ್ ಅದನ್ನು ಕೊಂಡುಕೊಂಡ. ಆದರೂ ಹೂಡಿನ್‌ಗೆ ತನ್ನದೇ ಒಂದು ರಂಗಮಂದಿರ ಕಟ್ಟಬೇಕೆಂಬ ಆಸೆ ಆಸೆಯಾಗಿಯೇ ಉಳಿದಿತ್ತು. ಕೈಯಲ್ಲಿ ಅಷ್ಟು ಹಣವಿರಲಿಲ್ಲ.

ಈ ದಿನಗಳಲ್ಲಿ ಅವನ ಕಾರ್ಯಾಗಾರಕ್ಕೆ ಆಗಾಗ ಬಂದು ಹರಟೆ ಹೊಡೆಯುತ್ತಿದ್ದವನು ಲೆಸ್ಕಲೋಪಿಯೇ ಎಂಬ ಶ್ರೀಮಂತ. ಕೌಂಟ್ ಎಂಬ ಬಿರುದಿದ್ದವನು. ಹಳೆಯ ವಸ್ತುಗಳ ಸಂಗ್ರಹ ಅವನ ಹುಚ್ಚು, ಹೂಡಿನ್‌ನ ಬೊಂಬೆಗಳೆಂದರೆ ಪ್ರಾಣ. ಗೆಳೆಯನ ಕಷ್ಟ ಗೊತ್ತಾಗಿ, ರಂಗಮಂದಿರಕ್ಕೆ ಬೇಕಾದ ಹಣವನ್ನು ತಾನೇ ಕೊಡುವೆನೆಂದು ಮುಂದೆ ಬಂದ. ಹೂಡಿನ್ ಬೇಡವೆಂದುಬಿಟ್ಟ. ಪ್ರದರ್ಶನ ಬಿದ್ದುಹೋದರೆ ಸಾಲದ ಜೊತೆಗೆ ಸ್ನೇಹವೂ ಮುಳುಗುತ್ತದೆ ಎಂಬ ಅಂಜಿಕೆ. ಕೌಂಟ್‌ಗೆ ಬೇಸರವಾಯಿತು.

ಸ್ವಲ್ಪ ದಿನ ಬಿಟ್ಟು ಆತ ಮತ್ತೆ ಬಂದಾಗ ಮುಖದಲ್ಲಿ ಚಿಂತೆಯಿತ್ತು. ಬಹಳ ಕಾಲದಿಂದ ತನ್ನ ಮನೆಯಲ್ಲಿ ಹಣ ಕಾಣೆಯಾಗುತ್ತಿದೆ ಎಂದ. ಮೇಜಿನ ಖಾನೆಗೆ ಬೀಗ ಹಾಕಿದರೂ ಒಳಗಿನ ಹಣ ಕರಗುತ್ತದೆ. ಬೀಗ ಬದಲಿಸಿದ್ದಾಯಿತು, ಅನುಮಾನ ಬಂದ ಆಳುಗಳನ್ನು ಬಿಡಿಸಿದ್ದಾಯಿತು. ಕಳವು ಮಾತ್ರ ನಿಲ್ಲಲಿಲ್ಲ. ಹಣ ಹೋದ ನೋವಿಗಿಂತ, ದಿನವೂ ಮನೆಯಲ್ಲಿ ಒಬ್ಬೊಬ್ಬರ ಮುಖವನ್ನೂ ಸಂಶಯದಿಂದ ನೋಡಬೇಕಾಗಿ ಬಂದದ್ದು ಅವನನ್ನು ಹೆಚ್ಚು ಕಾಡುತ್ತಿತ್ತು. ಗೆಳೆಯನ ಯಂತ್ರಜ್ಞಾನದಿಂದ ಇದಕ್ಕೇನಾದರೂ ದಾರಿಯಿದೆಯೇ ಎಂದು ಕೇಳಿದ.

ಹೂಡಿನ್ ಯೋಚಿಸಿದ್ದು ಇಷ್ಟು. ಬೀಗ ಕಳ್ಳನನ್ನು ತಡೆಯುವುದಿಲ್ಲ, ಏಕೆಂದರೆ ಅವನ ಬಳಿ ನಕಲಿ ಕೀ ಇದೆ. ಕಾವಲು ಕೂತರೂ ಪ್ರಯೋಜನವಿಲ್ಲ, ಏಕೆಂದರೆ ಕಳ್ಳ ಮನೆಯ ಒಳಗಿನವನೇ ಆಗಿದ್ದರೆ ಯಾರು ಎಲ್ಲಿ ಕೂತಿದ್ದಾರೆ ಎಂಬುದು ಅವನಿಗೆ ಮೊದಲೇ ಗೊತ್ತು. ಆದ್ದರಿಂದ ಖಾನೆಯೇ ಕಾವಲುಗಾರನಾಗಬೇಕು. ಮುಚ್ಚಳ ಒಂಚೂರು ಮೇಲೆದ್ದೊಡನೆ ಎರಡು ಕೆಲಸ ಒಟ್ಟಿಗೆ ಆಗಬೇಕು. ಒಂದು, ಸದ್ದು. ಮೇಜಿನೊಳಗೆ ಅಡಗಿಸಿಟ್ಟ ಪಿಸ್ತೂಲು ಢಂ ಎಂದು ಮನೆಯವರನ್ನೆಲ್ಲ ಎಬ್ಬಿಸಬೇಕು. ಇನ್ನೊಂದು, ಗುರುತು. ಸದ್ದು ಕೇಳಿ ಓಡಿಬರುವ ಹತ್ತು ಜನರ ನಡುವೆ ಕಳ್ಳನೂ ಒಬ್ಬನಾಗಿ ನಿಂತುಬಿಡಬಹುದಲ್ಲ. ಹಾಗಾಗದಂತೆ ಒಳಗಿನಿಂದ ಒಂದು ಯಂತ್ರದ ಪಂಜ ಚಿಮ್ಮಿ ಅವನ ಕೈಯ ಮೇಲೆ ಗುರುತು ಹಾಕಬೇಕು.

ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಹೂಡಿನ್ ಮೊದಲು ಮಾಡಿದ ಪಂಜ ಸಾಮಾನ್ಯದ್ದಾಗಿರಲಿಲ್ಲ. ಅದರ ತುದಿಯಲ್ಲಿ ಸಣ್ಣ ಸೂಜಿಗಳಿದ್ದವು. ಅವುಗಳಿಗೆ ಸಿಲ್ವರ್ ನೈಟ್ರೇಟ್ ದ್ರಾವಣ. ಚುಚ್ಚಿದರೆ ಕೈಮೇಲೆ ಕಳ್ಳ ಎಂಬ ಅರ್ಥದ ಫ್ರೆಂಚ್ ಪದ ಹಚ್ಚೆಯಂತೆ ಮೂಡುತ್ತಿತ್ತು. ಮತ ಹಾಕಿದಾಗ ನಮ್ಮ ಬೆರಳಿಗೆ ಹಚ್ಚುವ, ನಮ್ಮ ಮೈಸೂರಿನಲ್ಲೇ ತಯಾರಾಗುವ ಶಾಯಿಯಲ್ಲಿ ಇರುವುದೂ ಇದೇ ಸಿಲ್ವರ್ ನೈಟ್ರೇಟ್. ಆ ಶಾಯಿ ಚರ್ಮದ ಮೇಲಷ್ಟೇ ಇರುವುದರಿಂದ ಕೆಲವು ವಾರಗಳಲ್ಲಿ ಹೋಗುತ್ತದೆ. ಸೂಜಿಯಿಂದ ಚರ್ಮದೊಳಗೆ ಇಳಿದದ್ದು ಹೋಗುವುದಿಲ್ಲ. ಆ ಕೈ ಸಾಯುವವರೆಗೂ ಕಳ್ಳನ ಕೈಯೇ.

ಯಂತ್ರವನ್ನು ನೋಡಿ ಕೌಂಟ್ ಮೆಚ್ಚಿದ. ಆದರೆ ಸೂಜಿಗಳ ಕೆಲಸ ಗೊತ್ತಾದಾಗ ಅವನ ಮುಖ ಗಂಭೀರವಾಯಿತು. ನ್ಯಾಯಾಲಯ ಹೇಳುವ ಮೊದಲೇ ಒಬ್ಬ ಮನುಷ್ಯನ ಮೈಮೇಲೆ ಜೀವಮಾನದ ಶಿಕ್ಷೆ ಬರೆಯುವ ಹಕ್ಕು ತನಗೆಲ್ಲಿದೆ ಎಂದು ಕೇಳಿದ. ಮುಂದೊಂದು ದಿನ ಆ ಕಳ್ಳ ಪಶ್ಚಾತ್ತಾಪಪಟ್ಟು ಒಳ್ಳೆಯವನಾದರೆ ಆ ಗುರುತನ್ನು ಅಳಿಸುವವರು ಯಾರು? ಅದೂ ಇರಲಿ, ಮರೆವಿನಲ್ಲಿ ತಾನೇ ಖಾನೆ ತೆರೆದುಬಿಟ್ಟರೆ? ತನ್ನ ಕೈಮೇಲೇ ಕಳ್ಳ ಎಂದು ಮೂಡುತ್ತದಲ್ಲ! ಹಣ ಕಳೆದುಕೊಂಡವನು ಅವನು, ಸಿಟ್ಟು ಬರಬೇಕಾದದ್ದು ಅವನಿಗೆ. ಆದರೂ ಕಳ್ಳನ ಪರವಾಗಿ ಒಂದು ಕ್ಷಣ ಯೋಚಿಸಿದವನೂ ಅವನೇ.

ಹೂಡಿನ್ ವಾದಿಸಲಿಲ್ಲ. ಯಂತ್ರವನ್ನು ವಾಪಸ್ ತೆಗೆದುಕೊಂಡು ಹೋಗಿ ಸೂಜಿ, ದ್ರಾವಣಗಳನ್ನು ಕಿತ್ತುಹಾಕಿದ. ಅವುಗಳ ಜಾಗದಲ್ಲಿ ಬೆಕ್ಕಿನ ಉಗುರಿನಂತಹ ಕೊಕ್ಕೆಗಳನ್ನು ಕೂರಿಸಿದ. ಕೈ ಪರಚುತ್ತದೆ, ರಕ್ತ ಬರುತ್ತದೆ, ಕೆಲವು ದಿನಗಳಲ್ಲಿ ಮಾಯುತ್ತದೆ. ಕಳ್ಳನನ್ನು ಗುರುತಿಸಲು ಅಷ್ಟು ಸಾಕು.

ಈ ಭಾಗ ಓದುವಾಗ ನನಗೆ ನೆನಪಾದದ್ದು ನಾನು ಕೆಲಸಕ್ಕೆ ಹೋಗುವ ಬಡಾವಣೆಯೊಂದರಲ್ಲಿ ನಡೆದ ಸಂಗತಿ. ರಾತ್ರಿ ಒಂಬತ್ತರ ಹೊತ್ತಿಗೆ ಗೇಟಿನ ಬಳಿ ಅತ್ತಿತ್ತ ನೋಡುತ್ತಾ ನಿಂತಿದ್ದ ಹುಡುಗನೊಬ್ಬನ ದೃಶ್ಯ ಒಂದು ಮನೆಯ ಕ್ಯಾಮೆರಾದಲ್ಲಿ ಸಿಕ್ಕಿತು. ಯಾರೋ ಅದನ್ನು ಕತ್ತರಿಸಿ, ಮುಖದ ಸುತ್ತ ಕೆಂಪು ಗೆರೆ ಎಳೆದು, ಕಳ್ಳ ಬಂದಿದ್ದಾನೆ ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಬೆಳಗಾಗುವಷ್ಟರಲ್ಲಿ ಅದು ಎಷ್ಟೋ ಗುಂಪುಗಳಿಗೆ ಹೋಗಿತ್ತು. ಎರಡು ದಿನದ ಮೇಲೆ ಗೊತ್ತಾಯಿತು, ಆತ ಪಾರ್ಸೆಲ್ ತಲುಪಿಸಲು ಬಂದವನು, ಮನೆ ನಂಬರು ಸಿಗದೆ ತಡಕಾಡುತ್ತಿದ್ದ. ಮೊದಲು ಹಾಕಿದ ಗುಂಪಿನಲ್ಲಿ ಒಂದು ಸಾಲಿನ ಕ್ಷಮೆ ಬಂತು. ಆದರೆ ಚಿತ್ರ ಹೋದಲ್ಲೆಲ್ಲ ಕ್ಷಮೆ ಹೋಗಲಿಲ್ಲ. ಮೊಬೈಲಿನ ಈ ಹಚ್ಚೆ ಸಿಲ್ವರ್ ನೈಟ್ರೇಟಿನ ಹಚ್ಚೆಗಿಂತ ಏನೂ ಕಡಿಮೆಯಲ್ಲ. ಆ ಹುಡುಗ ಈಗ ಬೇರೆ ಕಡೆ ಕೆಲಸ ಹಿಡಿದಿದ್ದಾನಂತೆ. ಆ ಬೀದಿಗೆ ಮಾತ್ರ ಬರುವುದಿಲ್ಲವಂತೆ.

ಕೌಂಟ್‌ನ ಮನೆಗೆ ಮರಳೋಣ. ಯಂತ್ರ ಕೂರಿಸಿದ ಮೇಲೆ ಆತ ಬ್ಯಾಂಕಿನಿಂದ ಹಣ ತಂದು ಖಾನೆಯಲ್ಲಿಟ್ಟ. ಕಳ್ಳನಿಗೆ ಆಸೆ ಹುಟ್ಟಬೇಕಲ್ಲ. ಒಂದು ದಿನ ಕಳೆಯಿತು, ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಏನೂ ಇಲ್ಲ. ಹೂಡಿನ್‌ಗೇ ತನ್ನ ಯಂತ್ರದ ಮೇಲೆ ಅನುಮಾನ ಬರತೊಡಗಿತ್ತು. 16ನೇ ದಿನ ಕೌಂಟ್ ಏದುಸಿರು ಬಿಡುತ್ತಾ ಕಾರ್ಯಾಗಾರಕ್ಕೆ ಬಂದು, ಕಳ್ಳ ಸಿಕ್ಕ ಎಂದ.

ನಡೆದದ್ದು ಹೀಗೆ. ಪಿಸ್ತೂಲಿನ ಸದ್ದು ಕೇಳಿದ ಕೂಡಲೇ ಕೌಂಟ್ ಕೈಗೆ ಸಿಕ್ಕ ಆಯುಧ ಹಿಡಿದು ಆ ಕೋಣೆಗೆ ನುಗ್ಗಿದ. ಅಲ್ಲಿ ನಿಂತಿದ್ದವನು ಬರ್ನಾರ್. 20 ವರ್ಷಗಳಿಂದ ಮನೆಯಲ್ಲಿದ್ದ, ಎಲ್ಲರಿಗಿಂತ ಹೆಚ್ಚು ನಂಬಿಕೆಯ ಸೇವಕ. ತಾನೂ ಸದ್ದು ಕೇಳಿಯೇ ಓಡಿಬಂದೆ, ಒಬ್ಬ ಹಿಂದಿನ ಮೆಟ್ಟಿಲಿನಿಂದ ಇಳಿದು ಓಡಿಹೋಗುವುದನ್ನು ಕಂಡೆ ಎಂದು ಬರ್ನಾರ್ ಹೇಳಿದ. ಕೌಂಟ್ ಹಿಂದಿನ ಮೆಟ್ಟಿಲಿನತ್ತ ಓಡಿದ. ಅಲ್ಲಿಯ ಬಾಗಿಲು ಭದ್ರವಾಗಿ ಹಾಕಿಕೊಂಡೇ ಇತ್ತು. ಆ ದಾರಿಯಲ್ಲಿ ಯಾರೂ ಹೋಗಿರಲು ಸಾಧ್ಯವಿರಲಿಲ್ಲ.

ನನ್ನ ಮಟ್ಟಿಗೆ ಈ ಕಥೆಯಲ್ಲಿ ಮೆಚ್ಚಬೇಕಾದದ್ದು ಈ ಕ್ಷಣ. ಅಂತಹ ಗಾಬರಿಯಲ್ಲಿ 20 ವರ್ಷದ ನಂಬಿಕಸ್ಥನ ಮಾತನ್ನು ನಂಬಿ ಬೀದಿಗೆ ಓಡುವುದು ಸಹಜ. ಕೌಂಟ್ ಹಾಗೆ ಮಾಡಲಿಲ್ಲ. ಹಾಕಿದ ಬಾಗಿಲು ಹೇಳುತ್ತಿರುವುದೇನು ಎಂದು ಒಂದು ಗಳಿಗೆ ಯೋಚಿಸಿದ. ತಿರುಗಿ ಬಂದು ನೋಡಿದಾಗ ಬರ್ನಾರ್‌ನ ಬಲಗೈ ಬೆನ್ನ ಹಿಂದೆ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತೇವಲ್ಲ, ಹಾಗೆ. ಕೈಯನ್ನು ಮುಂದಕ್ಕೆಳೆದ. ಅದು ರಕ್ತವಾಗಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಎರಡು ವರ್ಷಗಳಿಂದ ನಕಲಿ ಕೀಯಿಂದ ಕದಿಯುತ್ತಿದ್ದೆ ಎಂದು ಬರ್ನಾರ್ ಒಪ್ಪಿಕೊಂಡ. ಕದ್ದದ್ದು 15,000 ಫ್ರಾಂಕ್. ಅದನ್ನು ಖರ್ಚೂ ಮಾಡದೆ ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಿಟ್ಟಿದ್ದ. ಕೌಂಟ್ ಆ ಪತ್ರಗಳನ್ನು ಹಿಂದಕ್ಕೆ ಪಡೆದ, ತಪ್ಪೊಪ್ಪಿಗೆಯನ್ನು ಬರೆಸಿ ಸಹಿ ಹಾಕಿಸಿಕೊಂಡ, ಇನ್ನೊಮ್ಮೆ ಇಂತಹ ಕೆಲಸ ಮಾಡಿದರೆ ಈ ಕಾಗದ ಪೊಲೀಸರ ಕೈ ಸೇರುತ್ತದೆ ಎಂದು ಹೇಳಿ ಮನೆಯಿಂದ ಕಳುಹಿಸಿಬಿಟ್ಟ. ಬರ್ನಾರ್‌ನ ಕೈಯ ಗಾಯ ಕೆಲವು ದಿನಗಳಲ್ಲಿ ಮಾಯಿರಬೇಕು. ಬೇರೆ ಊರಿಗೆ ಹೋಗಿ ಬೇರೆ ಬದುಕು ಕಟ್ಟಿಕೊಳ್ಳುವ ದಾರಿ ಅವನಿಗೆ ತೆರೆದೇ ಇತ್ತು. ಮೊದಲಿನ ಸೂಜಿಗಳೇ ಇದ್ದಿದ್ದರೆ ಆ ದಾರಿ ಮುಚ್ಚಿಹೋಗುತ್ತಿತ್ತು. ಹಾಗೆಯೇ, ಹಿಂದೆ ಅನುಮಾನದ ಮೇಲೆ ಕೆಲಸ ಕಳೆದುಕೊಂಡ ಆಳುಗಳ ಬಗ್ಗೆಯೂ ನಾನು ಯೋಚಿಸುತ್ತೇನೆ. ಅವರು ನಿರಪರಾಧಿಗಳು ಎಂದು ಹೇಳಿದ ಮೊದಲ ಸಾಕ್ಷಿ ಆ ಯಂತ್ರದ ಉಗುರು.

ಸಿಕ್ಕ 15,000 ಫ್ರಾಂಕ್‌ಗಳನ್ನು ಕೌಂಟ್ ನೇರವಾಗಿ ತಂದು ಹೂಡಿನ್‌ನ ಮುಂದಿಟ್ಟ. ನಿನ್ನ ಯಂತ್ರ ಇಲ್ಲದಿದ್ದರೆ ಈ ಹಣ ನನ್ನದಾಗುತ್ತಲೇ ಇರಲಿಲ್ಲ, ಈಗಲಾದರೂ ಇದನ್ನು ಸಾಲವೆಂದು ತೆಗೆದುಕೋ, ಆದಾಗ ಕೊಡು ಎಂದು ಒತ್ತಾಯಿಸಿದ. ಈ ಸಲ ಹೂಡಿನ್‌ಗೆ ಇಲ್ಲವೆನ್ನಲಾಗಲಿಲ್ಲ. ಹೀಗೆ, ಕಳ್ಳನೊಬ್ಬ ಎರಡು ವರ್ಷ ಕೂಡಿಟ್ಟ ಹಣದಿಂದ ಜಗತ್ತಿನ ಪ್ರಸಿದ್ಧ ಜಾದೂ ಮಂದಿರವೊಂದು ಎದ್ದು ನಿಂತಿತು.

1845ರ ಜುಲೈ 3ರಂದು ಪ್ಯಾರಿಸ್ಸಿನ ಪ್ಯಾಲೆ ರೊಯಾಲ್‌ನಲ್ಲಿ ಹೂಡಿನ್‌ನ ಮೊದಲ ಪ್ರದರ್ಶನ ನಡೆಯಿತು. ಆವರೆಗೆ ಜಾದೂಗಾರರೆಂದರೆ ಉದ್ದ ನಿಲುವಂಗಿ, ಮೇಜಿನ ಮೇಲೆ ನೆಲಮುಟ್ಟುವ ಬಟ್ಟೆ, ಅದರಡಿ ಅಡಗಿದ ಸಹಾಯಕ. ಹೂಡಿನ್ ಅದನ್ನೆಲ್ಲ ತೆಗೆದುಹಾಕಿದ. ಸಭ್ಯ ಗೃಹಸ್ಥರು ಸಂಜೆಯ ಔತಣಕ್ಕೆ ಹಾಕುವ ಉಡುಪಿನಲ್ಲಿ, ಮನೆಯ ಹಜಾರದಂತಿದ್ದ ರಂಗದ ಮೇಲೆ ನಿಂತು ಆಟ ತೋರಿಸಿದ. ಮೊದಲ ದಿನ ಗಾಬರಿಯಾದರೂ ದಿನ ಕಳೆದಂತೆ ಜನ ಮುಗಿಬಿದ್ದರು. ಮಗ ಎಮಿಲ್‌ನ ಕಣ್ಣಿಗೆ ಬಟ್ಟೆ ಕಟ್ಟಿ, ಪ್ರೇಕ್ಷಕರ ಜೇಬಿನ ವಸ್ತುಗಳನ್ನು ಅವನಿಂದ ಹೇಳಿಸುವ ಆಟ ಪ್ಯಾರಿಸ್ಸಿನ ಮನೆಮಾತಾಯಿತು. 1848ರಲ್ಲಿ ಲಂಡನ್ನಿಗೂ ಹೋದ, ವಿಕ್ಟೋರಿಯಾ ರಾಣಿಯ ಮುಂದೆಯೂ ಆಟವಾಡಿದ. ಕೌಂಟ್‌ನ ಸಾಲ ತೀರಿತು.

ಕೈತುಂಬ ಸಂಪಾದಿಸಿ, ಐವತ್ತು ತುಂಬುವ ಮೊದಲೇ ರಂಗದಿಂದ ಹಿಂದೆ ಸರಿದು ಬ್ಲ್ವಾ ಬಳಿಯ ಸೇಂಟ್ ಜೆರ್ವೇ ಎಂಬ ಹಳ್ಳಿಯಲ್ಲಿ ನೆಲೆಸಿದ. ಆ ಮನೆಯ ಹೆಸರು ಲ ಪ್ರಿಯೋರೆ. ನನ್ನಂತಹ ಕೆಲಸದವನಿಗೆ ಅದೊಂದು ತೀರ್ಥಕ್ಷೇತ್ರ. ಬಲ್ಬು ಇನ್ನೂ ಮನೆಗಳಿಗೆ ಬಾರದ ಆ ಕಾಲದಲ್ಲಿ, ಬ್ಯಾಟರಿಯಿಂದ ನಡೆಯುವ ತಂತಿಗಳನ್ನು ಇಡೀ ಮನೆಗೆ ಎಳೆದಿದ್ದ. ಗೇಟು ಮನೆಯಿಂದ ದೂರವಿತ್ತು. ಯಾರಾದರೂ ಅಲ್ಲಿ ಬಡಿದರೆ ಒಳಗೆ ಗಂಟೆ ಬಾರಿಸುತ್ತಿತ್ತು. ಒಳಗಿನವರು ಗುಂಡಿ ಒತ್ತಿದರೆ ಬೀಗ ತೆರೆದು, ಮಾಲೀಕನ ಹೆಸರಿದ್ದ ಫಲಕದ ಜಾಗದಲ್ಲಿ ಒಳಗೆ ಬನ್ನಿ ಎಂಬ ಬರಹ ಕಾಣುತ್ತಿತ್ತು. ಗೇಟು ತೆರೆದು ಮುಚ್ಚುವಾಗಿನ ಗಂಟೆಯ ಲಯದಿಂದಲೇ ಬಂದವರು ಒಬ್ಬರೋ ಹಲವರೋ ಎಂದು ಗೊತ್ತಾಗುತ್ತಿತ್ತು. ಟಪಾಲು ಬಂದರೂ ಗಂಟೆ ತಿಳಿಸುತ್ತಿತ್ತು. ಮಧ್ಯರಾತ್ರಿಯಿಂದ ಬೆಳಗಿನವರೆಗೆ ಮನೆಯ ಯಾವ ಬಾಗಿಲು, ಕಿಟಕಿ ತೆರೆದರೂ ಗಂಟೆ ಹೊಡೆದುಕೊಳ್ಳುತ್ತಿತ್ತು. ಇಂದು ನಾವು ಬಾಗಿಲಿಗೆ ಕೂರಿಸುವ ಸೆನ್ಸರ್ ಮಾಡುವ ಕೆಲಸವೂ ಇದೇ. ಹಳ್ಳಿಯ ಜನರಿಗೆ ಅದು ಭೂತದ ಬಂಗಲೆಯಂತೆ ಕಾಣುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಆ ಮನೆಯಲ್ಲಿ ನನಗೆ ಅತಿ ಇಷ್ಟವಾದದ್ದು ಕುದುರೆ ಲಾಯದ ಕಥೆ. ನಮ್ಮಲ್ಲಿ ಕುದುರೆಗೆ ಹುರುಳಿ ಹೇಗೋ ಅಲ್ಲಿ ಓಟ್ಸ್ ಹಾಗೆ. ಲಾಯದ ಆಳು ಆ ಓಟ್ಸ್ ಕದ್ದು ಮಾರಿಕೊಳ್ಳುತ್ತಿದ್ದ. ಕುದುರೆ ಬಡವಾಗುತ್ತಿತ್ತು. ಹೂಡಿನ್ ಜಗಳಕ್ಕೆ ಹೋಗಲಿಲ್ಲ. ಲಾಯದ ಮೇಲೆ ಕಾಳಿನ ಪೆಟ್ಟಿಗೆ ಇಟ್ಟು, ತನ್ನ ಓದುವ ಕೋಣೆಯ ಗಡಿಯಾರಕ್ಕೆ ತಂತಿಯಿಂದ ಜೋಡಿಸಿದ. ದಿನಕ್ಕೆ ಮೂರು ಸಲ, ಹೊತ್ತಿಗೆ ಸರಿಯಾಗಿ ಅಳತೆಯ ಕಾಳು ತಾನಾಗಿ ಕುದುರೆಯ ಮುಂದೆ ಬೀಳುತ್ತಿತ್ತು. ಬಿದ್ದ ಮೇಲೆ ಆಳು ಬಂದು ಬಾಚಿಕೊಂಡರೆ? ಲಾಯದ ಬಾಗಿಲಿಗೆ ಬೀಗ ಬಿದ್ದಿದ್ದರೆ ಮಾತ್ರ ಕಾಳು ಬೀಳುವಂತೆ ಮಾಡಿದ. ಆಳು ಮೊದಲೇ ಒಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡರೆ? ಆ ಬೀಗ ಹೊರಗಿನಿಂದ ಮಾತ್ರ ಹಾಕಲು ಬರುವಂಥದ್ದು. ಕಾಳು ಬಿದ್ದ ಕೂಡಲೇ ಬೀಗ ತೆಗೆದು ನುಗ್ಗಿದರೆ? ಕುದುರೆ ತಿಂದು ಮುಗಿಸುವ ಮೊದಲು ಬಾಗಿಲು ತೆರೆದರೆ ಮನೆಯಲ್ಲಿ ಗಂಟೆ ಬಾರಿಸುತ್ತದೆ. ಕಳ್ಳನ ತಲೆಯೊಳಗೆ ಕೂತು ಅವನ ಮುಂದಿನ ನಡೆಯನ್ನು ಒಂದೊಂದಾಗಿ ಯೋಚಿಸಿದ ಬಗೆ ಇದು. ಚಾಣಾಕ್ಷತನ ಎಂದರೆ ಕ್ಷಣಾರ್ಧದಲ್ಲಿ ಹೊಳೆಯುವುದು ಎಂದು ನಾವು ತಿಳಿದಿದ್ದೇವೆ. ಹೂಡಿನ್‌ನ ಬದುಕನ್ನು ನೋಡಿದರೆ ಆ ಕ್ಷಣ ಬರುವುದಕ್ಕೆ ಮೊದಲೇ ಅದರ ಬಗ್ಗೆ ಬಹಳ ಯೋಚಿಸಿದವರಿಗೆ ಅದು ಹೊಳೆಯುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರ ಸಾಲಿಗೆ ಆತ ಸೇರಿದವನಲ್ಲ. 1861ರಲ್ಲಿ ಇಸ್ಪೀಟು ಆಟದ ಮೋಸಗಾರರ ಕೈಚಳಕವನ್ನೆಲ್ಲ ಬಯಲು ಮಾಡುವ ಪುಸ್ತಕವನ್ನೂ ಬರೆದ. ಮೋಸ ಹೇಗಾಗುತ್ತದೆ ಎಂದು ಗೊತ್ತಿದ್ದವರು ಸುಲಭಕ್ಕೆ ಮೋಸ ಹೋಗುವುದಿಲ್ಲ ಎಂಬುದು ಅವನ ನಂಬಿಕೆ.

ಅವನ ಬದುಕಿನಲ್ಲಿ ನನಗೆ ಒಪ್ಪಿಗೆಯಾಗದ ಅಧ್ಯಾಯವೂ ಒಂದಿದೆ. 1856ರಲ್ಲಿ ಫ್ರೆಂಚ್ ಸರ್ಕಾರ ಅವನನ್ನು ಆಲ್ಜೀರಿಯಕ್ಕೆ ಕಳುಹಿಸಿತು. ಫ್ರಾನ್ಸ್ ಆ ದೇಶವನ್ನು ಹಿಡಿದು ಎರಡೂವರೆ ದಶಕವಾಗಿತ್ತು. ಅಲ್ಲಿಯ ಜನ ತಮ್ಮ ಧಾರ್ಮಿಕ ಮುಖಂಡರ ಪವಾಡಗಳನ್ನು ನಂಬಿ ದಂಗೆ ಏಳುತ್ತಾರೆ, ಫ್ರೆಂಚರ ಪವಾಡ ಅದಕ್ಕಿಂತ ದೊಡ್ಡದು ಎಂದು ತೋರಿಸಬೇಕು ಎಂಬುದು ಸರ್ಕಾರದ ಲೆಕ್ಕ. ಹೂಡಿನ್ ರಂಗದ ಮೇಲೆ ಒಂದು ಪುಟ್ಟ ಪೆಟ್ಟಿಗೆ ಇಟ್ಟ. ಮೊದಲು ಅದನ್ನು ಯಾರು ಬೇಕಾದರೂ ಎತ್ತಬಹುದಿತ್ತು. ನಿನ್ನ ಶಕ್ತಿ ಕಸಿದೆ ಎಂದು ಹೇಳಿದ ಮೇಲೆ ಕಟ್ಟುಮಸ್ತಾದ ಆಳಿಗೂ ಅದು ಅಲುಗಾಡಲಿಲ್ಲ. ಕೊನೆಗೆ ಹಿಡಿಯಿಂದ ಶಾಕ್ ಹೊಡೆದು ಆತ ಕುಸಿದ. ಪೆಟ್ಟಿಗೆಯ ತಳದಲ್ಲಿ ಕಬ್ಬಿಣ, ನೆಲದಡಿಯಲ್ಲಿ ವಿದ್ಯುತ್ ಕಾಂತ ಇದ್ದವು, ಅಷ್ಟೇ. ಕಳ್ಳ ಎತ್ತಿಕೊಂಡು ಹೋಗಲಾಗದ ಪೆಟ್ಟಿಗೆ ಎಂದು ನೋಡಿದರೆ ಅದು ಜಾಣ್ಮೆಯೇ. ಆದರೆ ಆಲ್ಜೀರಿಯ ಯಾರ ಮನೆ, ಅಲ್ಲಿಗೆ ನುಗ್ಗಿದವರು ಯಾರು ಎಂದು ಕೇಳಿಕೊಂಡರೆ ಆ ಜಾಣ್ಮೆ ಯಾರ ಪಕ್ಷದಲ್ಲಿ ನಿಂತಿತ್ತು ಎಂಬುದು ತಿಳಿಯುತ್ತದೆ. ಬ್ರಿಟಿಷರ ಆಳ್ವಿಕೆ ಕಂಡ ದೇಶದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತನ್ನ ಗೆಳೆಯ ಕೌಂಟ್ ಸೂಜಿಗಳನ್ನು ನೋಡಿ ಕೇಳಿದಂತಹ ಪ್ರಶ್ನೆಯನ್ನು ಹೂಡಿನ್‌ಗೆ ಅಲ್ಲಿ ಕೇಳುವವರು ಯಾರೂ ಇರಲಿಲ್ಲ.

ದೊಡ್ಡ ಲೂಟಿ ಕೊನೆಗೆ ಅವನ ಮನೆ ಬಾಗಿಲಿಗೂ ಬಂತು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಹತ್ತಿತು. ಸೇನೆಯಲ್ಲಿ ಅಧಿಕಾರಿಯಾಗಿದ್ದ ಮಗ ಯೂಜೀನ್ ಆಗಸ್ಟ್‌ನ ಕದನದಲ್ಲಿ ಗಾಯಗೊಂಡು ಸತ್ತ. ಶತ್ರು ಸೈನಿಕರು ಬ್ಲ್ವಾ ಸುತ್ತಲಿಗೂ ಬಂದಾಗ ಹೂಡಿನ್ ಮನೆಯವರನ್ನು ಕರೆದುಕೊಂಡು ಹತ್ತಿರದ ಗುಹೆಯಲ್ಲಿ ಅಡಗಿ ಕೂರಬೇಕಾಯಿತು. ಬಾಗಿಲು ಕಿಟಕಿಗಳ ಗಂಟೆಗಳು ಆ ದಿನ ಯಾವ ಉಪಯೋಗಕ್ಕೂ ಬರಲಿಲ್ಲ. ಮಗನ ದುಃಖ, ಯುದ್ಧದ ಬವಣೆ ಅವನನ್ನು ಹಣ್ಣು ಮಾಡಿದವು. 1871ರ ಜೂನ್ 13ರಂದು ನ್ಯುಮೋನಿಯಾದಿಂದ ತೀರಿಕೊಂಡ. ಆಗ ಅವನಿಗೆ 65 ವರ್ಷ.

ಅವನು ತೀರಿಕೊಂಡ ಬಳಿಕ ಹುಟ್ಟಿದ ಹ್ಯಾರಿ ಹೂಡಿನಿ ಅವನ ಆತ್ಮಕಥೆ ಓದಿ ಜಾದೂಗಾರನಾದ, ಅವನ ಹೆಸರಿಗೆ ಒಂದಕ್ಷರ ಸೇರಿಸಿ ತನ್ನದಾಗಿಸಿಕೊಂಡ. ಮುಂದೆ ಅದೇ ಹೂಡಿನಿ 1908ರಲ್ಲಿ ಪುಸ್ತಕ ಬರೆದು, ಗುರು ತನ್ನದೆಂದು ಹೇಳಿಕೊಂಡ ಆಟಗಳಲ್ಲಿ ಹಲವು ಬೇರೆಯವರವು ಎಂದು ಜರೆದ. ಕೌಂಟ್‌ನ ಮನೆಯ ಕಳ್ಳನ ಕಥೆಯನ್ನು ನಮಗೆ ಹೇಳಿದವನೂ ಹೂಡಿನ್ ಒಬ್ಬನೇ, 1858ರಲ್ಲಿ ಬಂದ ಅವನ ಆತ್ಮಕಥೆಯಲ್ಲಿ. ಜಾದೂಗಾರನ ಮಾತಿಗೆ ಒಂದಿಷ್ಟು ಬಣ್ಣ ಹತ್ತಿರಬಹುದು. ಆದರೂ ತನ್ನ ಗೆಲುವಿನ ಕಥೆಯಲ್ಲಿ, ತಾನು ಯೋಚಿಸದೆ ಹೋದದ್ದನ್ನು ಗೆಳೆಯ ಯೋಚಿಸಿದ ಎಂದು ಬರೆದಿಟ್ಟನಲ್ಲ, ಅದಕ್ಕಾಗಿ ನಾನು ಅವನನ್ನು ಹೆಚ್ಚು ನಂಬುತ್ತೇನೆ.

ಗೆಳೆಯರೇ, ನಮ್ಮ ಕೈಯಲ್ಲಿ ಇಂದು ಹೂಡಿನ್ ಕನಸಿನಲ್ಲೂ ಕಾಣದಂತಹ ಸಲಕರಣೆಗಳಿವೆ. ಕಳ್ಳನನ್ನು ಹಿಡಿಯುವುದು ದಿನದಿಂದ ದಿನಕ್ಕೆ ಸುಲಭವಾಗುತ್ತಿದೆ. ಕ್ಯಾಮೆರಾ ಹಾಕಿಸಿ, ಬಾಗಿಲಿಗೆ ಅಲಾರಂ ಇಡಿಸಿ, ಅಗತ್ಯವಾಗಿ ಮಾಡಿ. ಅನುಮಾನ ಬಂದರೆ ದೃಶ್ಯವನ್ನು ಪೊಲೀಸರಿಗೆ ಕೊಡಿ, ಗುಂಪುಗಳಿಗೆ ಹಂಚಬೇಡಿ. ಗುರುತು ಹಾಕುವ ಮೊದಲು, ಅದು ಮಾಯುವಂಥದ್ದೋ ಅಲ್ಲವೋ ಎಂದು ಆ ಕೌಂಟ್‌ನ ಹಾಗೆ ಒಮ್ಮೆ ಕೇಳಿಕೊಳ್ಳಿ.